ಸಪ್ಪೆ ಅನ್ನುವ ಮುಂಚೆ ಮೂರು ಗಂಟೆ ಕಾಯಿರಿ

ಇಂಗ್ಲೆಂಡಿಗೆ ಬಂದ ನಮ್ಮವರು ಸೇರಿದ ಕಡೆಯಲ್ಲೆಲ್ಲ ಒಂದು ಮಾತು ಬಂದೇ ಬರುತ್ತದೆ. ಇಲ್ಲಿಯವರ ಊಟ ಬರೀ ಸಪ್ಪೆ. ಖಾರ ಇಲ್ಲ, ಹುಳಿ ಇಲ್ಲ, ಒಗ್ಗರಣೆ ಅಂತೂ ಕೇಳಲೇಬೇಡಿ. ಯುಗಾದಿ ಊಟದ ಸಾಲಿನಲ್ಲಿ ಕೂತಾಗಲೂ ಈ ಮಾತು, ವಾಟ್ಸಾಪ್ ಗುಂಪಿನಲ್ಲೂ ಇದೇ ಮಾತು. ನನಗೆ ಇದು ಒಪ್ಪಿಗೆಯಿಲ್ಲ. ಹಾಗೆ ಹೇಳುವವರಲ್ಲಿ ಹೆಚ್ಚಿನವರು ತಿಂದಿರುವುದು ಆಫೀಸಿನ ಕ್ಯಾಂಟೀನಿನ ಊಟ, ರೈಲ್ವೆ ಸ್ಟೇಷನ್ನಿನ ಸ್ಯಾಂಡ್‌ವಿಚ್. ಇಲ್ಲಿಯವರ ಮನೆಯಲ್ಲಿ ಚಳಿಗಾಲದ ಭಾನುವಾರ ಓವನ್ನಿನಿಂದ ಹೊರಗೆ ಬರುವ ಬೀಫ್ ಸ್ಟ್ಯೂ, ಅಂದರೆ ತರಕಾರಿ ಹಾಕಿ ನಿಧಾನವಾಗಿ ಬೇಯಿಸಿದ ದನದ ಮಾಂಸದ ಗಟ್ಟಿ ಸಾರು, ಅದರ ಮೇಲೆ ಉಬ್ಬಿ ಕೂತ ಡಂಪ್ಲಿಂಗ್ ಅನ್ನುವ ಹಿಟ್ಟಿನ ಉಂಡೆ, ಇದನ್ನು ಒಮ್ಮೆ ತಿಂದವರು ಸಪ್ಪೆ ಅನ್ನುವುದಿಲ್ಲ. ಇದರಲ್ಲಿ ಮಸಾಲೆ ಇಲ್ಲ, ನಿಜ. ರುಚಿ ಬೇರೆ ಕಡೆಯಿಂದ ಬರುತ್ತದೆ. ಎಲ್ಲಿಂದ ಅಂತ ಹೇಳುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ನಾನು ಮಂಗಳೂರಿನ ಕಡೆಯವಳು. ನಮ್ಮ ಮನೆಯಲ್ಲಿ ಬೀಫ್ ಹೊಸದೇನಲ್ಲ. ಭಾನುವಾರ ಚರ್ಚಿನಿಂದ ಬಂದ ಮೇಲೆ ಕುಕ್ಕರಿನ ಸೀಟಿ ಕೇಳಿಸುತ್ತಿತ್ತು. ತೆಂಗಿನಕಾಯಿ ಚೂರು, ಕಾಳುಮೆಣಸು ಹಾಕಿ ಅಮ್ಮ ಹುರಿಯುತ್ತಿದ್ದರು. ಇದನ್ನು ತಿನ್ನದವರೂ ಈ ಬರಹ ಓದುತ್ತಿರುತ್ತೀರಿ. ನಿಮಗೂ ಮುಂದೆ ಒಂದು ದಾರಿ ಹೇಳುತ್ತೇನೆ. ಡಂಪ್ಲಿಂಗ್‌ಗೆ ಮಾಂಸವೇ ಆಗಬೇಕು ಅಂತೇನಿಲ್ಲ.

ಈಗ ಇರುವುದು ಶೆಫೀಲ್ಡಿನಲ್ಲಿ. ಏರು ಇಳಿಜಾರಿನ ಊರು, ಒಂದು ಕಾಲದಲ್ಲಿ ಲೋಕಕ್ಕೆಲ್ಲ ಚಾಕು, ಚಮಚ, ಉಕ್ಕು ಕಳಿಸಿದ ಊರು. ಅಕ್ಟೋಬರ್ ಕೊನೆಯ ಭಾನುವಾರ ಗಡಿಯಾರವನ್ನು ಒಂದು ಗಂಟೆ ಹಿಂದಕ್ಕೆ ತಿರುಗಿಸುತ್ತಾರೆ. ಡಿಸೆಂಬರ್ ಹೊತ್ತಿಗೆ ಸಂಜೆ ನಾಲ್ಕು ಆಗುವ ಮೊದಲೇ ಸೂರ್ಯ ಮುಳುಗಿರುತ್ತಾನೆ. ಆ ಚಳಿಗೆ, ಆ ಕತ್ತಲೆಗೆ ಅಂತಲೇ ಹುಟ್ಟಿದ ಅಡುಗೆ ಇದು. ಜುಲೈನಲ್ಲಿ ಮಾಡಿದರೆ ಅದೇ ಸ್ಟ್ಯೂ ಗಂಟಲಲ್ಲಿ ಇಳಿಯುವುದಿಲ್ಲ.

ಮೊದಲು ಮಾಂಸದ ವಿಷಯ. ಸೂಪರ್‌ಮಾರ್ಕೆಟ್ಟಿನಲ್ಲಿ 'ಸ್ಟ್ಯೂಯಿಂಗ್ ಸ್ಟೇಕ್' ಅಂತ ಕತ್ತರಿಸಿಟ್ಟ ಪ್ಯಾಕೆಟ್ ಸಿಗುತ್ತದೆ. ಅದು ದನದ ಯಾವ ಭಾಗ ಅಂತ ಅದರ ಮೇಲೆ ಇರುವುದೇ ಅಪರೂಪ. ನಾನು ಹೋಗುವುದು ಕಟುಕರ ಅಂಗಡಿಗೆ. ಅಲ್ಲಿ ಕೇಳಬೇಕಾದದ್ದು 'ಶಿನ್', ಅಂದರೆ ಮಂಡಿಯಿಂದ ಕೆಳಗಿನ ಕಾಲಿನ ಮಾಂಸ. ಇಲ್ಲದಿದ್ದರೆ ಭುಜ ಮತ್ತು ಕುತ್ತಿಗೆ ಕಡೆಯ 'ಚಕ್'. ದನ ದಿನವಿಡೀ ನಡೆಯುವುದು ಕಾಲಿನಿಂದ, ಹುಲ್ಲು ಮೇಯಲು ತಲೆ ಎತ್ತಿ ಇಳಿಸುವುದು ಕುತ್ತಿಗೆಯಿಂದ. ದುಡಿದ ಭಾಗ ಗಟ್ಟಿ, ನಾರು ಜಾಸ್ತಿ. ಹೀಗಾಗಿ ಅಗ್ಗ. ಬೆನ್ನಿನ ಒಳಗೆ ಸುಮ್ನೆ ಕೂತ ಫಿಲೆಟ್‌ ಎಳೆಯದು, ಬೆಲೆ ಅದಕ್ಕಿಂತ ಎಷ್ಟೋ ಪಟ್ಟು. ಆದರೆ ಫಿಲೆಟ್ಟನ್ನು ಮೂರು ಗಂಟೆ ಬೇಯಿಸಿದರೆ ಒಣಗಿದ ಪುಡಿಯಾಗುತ್ತದೆ. ಶಿನ್ನನ್ನು ಅಷ್ಟೇ ಹೊತ್ತು ಬೇಯಿಸಿದರೆ ಚಮಚದಲ್ಲಿ ಒತ್ತಿದರೆ ಬಿಡಿಸಿಕೊಳ್ಳುತ್ತದೆ.

ಇದಕ್ಕೆ ಕಾರಣ ಕೊಲಾಜೆನ್. ಮಾಂಸದ ಎಳೆಗಳನ್ನು ಕಟ್ಟಿಹಾಕಿದ ಬಿಳಿ ಪೊರೆ, ನರದಂಥ ಭಾಗ ಎಲ್ಲ ಅದೇ. 70–80 ಡಿಗ್ರಿ ದಾಟಿದ ಮೇಲೆ ನೀರಿನಲ್ಲಿ ನಿಧಾನವಾಗಿ ಕರಗಿ ಜೆಲಾಟಿನ್ ಆಗುತ್ತದೆ. ನಮ್ಮೂರಲ್ಲಿ ಕಾಲು ಸೂಪ್ ಕುಡಿದವರಿಗೆ ಗೊತ್ತು, ಕುಡಿದ ಮೇಲೆ ತುಟಿಗೆ ತುಟಿ ಅಂಟುತ್ತದಲ್ವಾ, ಅದೇ ಇದು. ಸ್ಟ್ಯೂ ಗಟ್ಟಿಯಾಗಿ, ಹೊಳಪಾಗಿ ಕಾಣುವುದಕ್ಕೆ ಅರ್ಧ ಕಾರಣ ಇದೇ.

ನಮ್ಮ ಕಟುಕರ ಅಂಗಡಿಯಾತ ವಯಸ್ಸಾದ ಮನುಷ್ಯ. ಬಂದವರನ್ನೆಲ್ಲ, ಗಂಡಸರನ್ನೂ, 'ಲವ್' ಅಂತ ಕರೆಯುತ್ತಾನೆ. ಶೆಫೀಲ್ಡಿನ ಹಳಬರ ರೂಢಿ ಅದು. ಒಮ್ಮೆ ಮೂಳೆ ಸಮೇತ ಶಿನ್ ಕೇಳಿದಾಗ ಗರಗಸದಲ್ಲಿ ಅಡ್ಡ ಕೊಯ್ದು, ನಡುವಿನ ಮಜ್ಜೆ ತೋರಿಸಿ, 'ಎರಡು ವರ್ಷ ಹೀಗಿತ್ತು, ಇದನ್ನು ಮಾರಿದ್ದರೆ ನಾನು ಕೋರ್ಟಿಗೆ ಹೋಗಬೇಕಿತ್ತು' ಅಂದ. ಹುಚ್ಚು ದನ ರೋಗದ ಕಾಲದ ಮಾತು. ಆ ರೋಗಕ್ಕೂ ಮನುಷ್ಯರ ಮಿದುಳಿಗೆ ಬಂದ ಹೊಸ ಕಾಯಿಲೆಗೂ ಸಂಬಂಧ ಇರಬಹುದು ಅಂತ ಸರಕಾರ ಪಾರ್ಲಿಮೆಂಟಿನಲ್ಲಿ ಹೇಳಿದ್ದು 1996ರ ಮಾರ್ಚಿನಲ್ಲಿ. ಮೂಳೆ ಸಮೇತ ಬೀಫ್ ಮಾರುವುದನ್ನು 1997ರ ಡಿಸೆಂಬರಿನಲ್ಲಿ ನಿಲ್ಲಿಸಿದರು. ಇಂಗ್ಲೆಂಡಿನಲ್ಲಿ ಆ ನಿಷೇಧ ಹೋಗಿದ್ದು 1999ರ ಡಿಸೆಂಬರಿನಲ್ಲಿ. ಆ ಎರಡು ವರ್ಷ ಬಾಲದ ಮಾಂಸ, ಮಜ್ಜೆಯ ಮೂಳೆ ಎಲ್ಲ ಅಂಗಡಿಯಿಂದ ಮಾಯ. ಅಷ್ಟರಲ್ಲಿ ಎಷ್ಟೋ ಮನೆಗಳಲ್ಲಿ ಬೀಫ್ ತರುವುದೇ ನಿಂತಿತ್ತು. ಒಂದು ಊರಿನ ಮನೆಯಡುಗೆಗೆ ಹೀಗೆ ಪೆಟ್ಟು ಬಿದ್ದರೆ ಚೇತರಿಸಿಕೊಳ್ಳಲು ಕಾಲ ಬೇಕು. ಆ ಮುದುಕನ ಅಂಗಡಿ ಉಳಿದಿದೆ ಅನ್ನುವುದೇ ನನಗೆ ಸಂತೋಷದ ವಿಷಯ.

ನಾಲ್ಕು ಜನಕ್ಕೆ 800 ಗ್ರಾಂ ಮಾಂಸ ಸಾಕು. ತುಂಡು ದೊಡ್ಡದಿರಲಿ, ಒಂದೊಂದೂ ಎರಡು ತುತ್ತಿನಷ್ಟು. ಬೆಂದ ಮೇಲೆ ಕುಗ್ಗುತ್ತವೆ. ಒರೆಸಿ, ಒಣಗಿಸಿ, ಎರಡು ಚಮಚ ಮೈದಾದಲ್ಲಿ ಹೊರಳಿಸಿ, ದಪ್ಪ ತಳದ ಪಾತ್ರೆಯಲ್ಲಿ ಸ್ವಲ್ಪ ಎಣ್ಣೆ ಬಿಟ್ಟು ಕೆಂಪಗೆ ಮಾಡಬೇಕು. ಒಂದೇ ಸಲ ಎಲ್ಲ ಸುರಿಯಬಾರದು. ನೀರು ಬಿಟ್ಟು ಬೆಂದುಹೋಗುತ್ತದೆ, ಹುರಿಯುವುದಿಲ್ಲ. ನಾಲ್ಕೈದು ತುಂಡು ಹಾಕಿ, ಕೈ ಆಡಿಸದೆ ಬಿಟ್ಟು, ತಳ ಕಂದು ಬಣ್ಣಕ್ಕೆ ತಿರುಗಿದ ಮೇಲೆ ಮಗುಚುವುದು. ಇಲ್ಲಿ ಆತುರ ಬೇಡವೇ ಬೇಡ. ಮಸಾಲೆ ಇಲ್ಲದ ಅಡುಗೆಗೆ ಮಸಾಲೆಯ ಕೆಲಸ ಮಾಡುವುದು ಈ ಕಂದು ಬಣ್ಣ. ನಾವು ಈರುಳ್ಳಿ ಕೆಂಪಗಾಗುವವರೆಗೆ ಬಾಡಿಸಿ ರುಚಿ ತೆಗೆಯುತ್ತೇವೆ, ಅವರು ಮಾಂಸದಿಂದಲೇ ತೆಗೆಯುತ್ತಾರೆ. ಪ್ರೋಟೀನು ಮತ್ತು ಸಕ್ಕರೆ ಬಿಸಿಗೆ ಸೇರಿ ನೂರಾರು ಹೊಸ ಪರಿಮಳ ಹುಟ್ಟಿಸುವ ಈ ಕ್ರಿಯೆಯನ್ನು 1912ರಲ್ಲಿ ವಿವರಿಸಿದವನು ಲೂಯಿ ಕಮೀಲ್ ಮಯಾರ್ ಅನ್ನುವ ಫ್ರೆಂಚ್ ವಿಜ್ಞಾನಿ.

ಹೀಗೆ ಕೆಂಪಗೆ ಮಾಡಿದರೆ ಮಾಂಸದ ರಸ ಒಳಗೇ ಬಂದ್ ಆಗುತ್ತದೆ ಅಂತ ಇಲ್ಲಿ ಈಗಲೂ ಹೇಳುತ್ತಾರೆ. ಅದು ತಪ್ಪು. ಈ ನಂಬಿಕೆಯನ್ನು ಹರಡಿದವನು 19ನೇ ಶತಮಾನದ ದೊಡ್ಡ ಜರ್ಮನ್ ರಸಾಯನ ವಿಜ್ಞಾನಿ ಯೂಸ್ಟಸ್ ಫಾನ್ ಲೀಬಿಗ್. ರಸ ಹೊರಗೆ ಬಂದೇ ಬರುತ್ತದೆ, ಸ್ಟ್ಯೂನಲ್ಲಿ ಅದು ಬರಲೂಬೇಕು. ಅದೇ ಲೀಬಿಗ್ ಹೆಸರಿನಲ್ಲಿ 1865ರಲ್ಲಿ ಒಂದು ಕಂಪನಿ ಶುರುವಾಯಿತು. ಉರುಗ್ವೆಯ ಫ್ರೇ ಬೆಂಟೋಸ್ ಅನ್ನುವ ಊರಿನಲ್ಲಿ ದನದ ಮಾಂಸವನ್ನು ಬೇಯಿಸಿ, ಬತ್ತಿಸಿ, ಗಟ್ಟಿ ಸಾರ ಮಾಡಿ ಯುರೋಪಿಗೆ ಕಳಿಸುತ್ತಿತ್ತು. 1910ರಲ್ಲಿ ಅದೇ ಕಂಪನಿ ತಂದ ಪುಟ್ಟ ಚೌಕದ ಗಟ್ಟಿಯೇ ಆಕ್ಸೋ ಕ್ಯೂಬ್. ಬಡವರೂ ಕೊಳ್ಳಲಿ ಅಂತ ಒಂದಕ್ಕೆ ಒಂದು ಪೆನ್ನಿ. ಇವತ್ತಿಗೂ ಇಲ್ಲಿನ ಅಡುಗೆಮನೆಯ ಬೀರು ತೆರೆದರೆ ಆ ಕೆಂಪು ಡಬ್ಬಿ ಇರುತ್ತದೆ. ಒಂದು ಲೀಟರ್ ಬಿಸಿನೀರಿಗೆ ಎರಡು ಕ್ಯೂಬ್ ಪುಡಿ ಮಾಡಿ ಕದಡಿದರೆ ಸ್ಟಾಕ್, ಅಂದರೆ ಬೇಯಿಸಲು ಬೇಕಾದ ಮಾಂಸದ ತಿಳಿಸಾರು, ಸಿದ್ಧ. ಇದರಲ್ಲಿ ಉಪ್ಪು ಜಾಸ್ತಿ ಇರುವುದರಿಂದ ಮೊದಲೇ ಬೇರೆ ಉಪ್ಪು ಹಾಕಬಾರದು. ಕೊನೆಗೆ ನೋಡಿಕೊಂಡರೆ ಆಯ್ತು.

ಮಾಂಸ ತೆಗೆದಿಟ್ಟು ಅದೇ ಪಾತ್ರೆಗೆ ಎರಡು ಈರುಳ್ಳಿ, ಎರಡು ದಂಟು ಸೆಲರಿ. ತಳಕ್ಕೆ ಹತ್ತಿದ ಕಂದು ಪದರವನ್ನು ಸ್ವಲ್ಪ ಸ್ಟಾಕ್ ಬಿಟ್ಟು ಮರದ ಸೌಟಿನಿಂದ ಕೆರೆದು ಬಿಡಿಸಬೇಕು. ರುಚಿಯ ಮೂಲಧನ ಅದರಲ್ಲೇ ಇದೆ. ಒಂದು ಚಮಚ ಟೊಮೇಟೊ ಪೇಸ್ಟ್. ಮೂರು ಕ್ಯಾರೆಟ್ ದಪ್ಪ ತುಂಡು. ಅರ್ಧ ಸ್ವೀಡ್, ಅಂದರೆ ಹೊರಗೆ ನೇರಳೆ, ಒಳಗೆ ಹಳದಿ ಇರುವ ದೊಡ್ಡ ಗಡ್ಡೆ. ಬೆಂದರೆ ಸಣ್ಣ ಸಿಹಿ ಬಿಡುತ್ತದೆ. ಒಂದೆರಡು ಬೇ ಎಲೆ, ಒಂದು ಕಡ್ಡಿ ಥೈಮ್ ಅನ್ನುವ ಪರಿಮಳದ ಸೊಪ್ಪು. ನಮ್ಮ ಪಲಾವ್ ಎಲೆ ಬೇರೆ ಮರದ್ದು, ಅದರಲ್ಲಿ ಚಕ್ಕೆಯ ವಾಸನೆ. ಇಲ್ಲಿನ ಬೇ ಎಲೆಗೆ ಬದಲಾಗಿ ಅದನ್ನು ಹಾಕಿದರೆ ಸ್ಟ್ಯೂ ಕುರ್ಮಾದ ಕಡೆ ವಾಲುತ್ತದೆ. ಕೆಲವರು ಬಿಯರ್ ಸುರಿಯುತ್ತಾರೆ, ಕೆಲವರು ಒಂದು ಹಿಡಿ ಬಾರ್ಲಿ ಹಾಕುತ್ತಾರೆ. ಎರಡೂ ಚೆನ್ನ. ಆಲೂಗಡ್ಡೆ ಮಾತ್ರ ನಾನು ಹಾಕುವುದಿಲ್ಲ. ಡಂಪ್ಲಿಂಗ್ ಇರುವಾಗ ಅದಕ್ಕೆ ಜಾಗವಿಲ್ಲ.

ಹುಳಿ ಇಲ್ಲ ಅಂದವರಿಗೆ ಇಲ್ಲಿ ಉತ್ತರ ಇದೆ. ಶೆಫೀಲ್ಡಿನ ಮನೆಮನೆಯಲ್ಲೂ ಕಿತ್ತಳೆ ಬಣ್ಣದ ಚೀಟಿ ಅಂಟಿಸಿದ ಒಂದು ಬಾಟಲಿ ಇರುತ್ತದೆ, ಹೆಂಡರ್‌ಸನ್ಸ್ ರೆಲಿಶ್ ಅನ್ನುವ ಹುಳಿ ಸಾಸ್. 19ನೇ ಶತಮಾನದ ಕೊನೆಯಿಂದ ಈ ಊರಲ್ಲೇ ತಯಾರಾಗುತ್ತಿದೆ. ಬೇರೆ ಊರಲ್ಲಿ ಹೆಚ್ಚಿನವರಿಗೆ ಇದರ ಹೆಸರೂ ಗೊತ್ತಿರುವುದಿಲ್ಲ, ಈ ಊರಿನವರು ದೂರದೇಶದಲ್ಲಿರುವ ಮಕ್ಕಳಿಗೆ ಇದನ್ನು ಪಾರ್ಸೆಲ್ ಕಳಿಸುತ್ತಾರೆ. ಬಾಟಲಿಯ ಹಿಂದೆ ಓದಿ ನೋಡಿ. ವಿನೆಗರ್, ಸಕ್ಕರೆ, ಲವಂಗ, ಮೆಣಸಿನಪುಡಿ, ಮತ್ತೆ ಹುಣಸೆಹಣ್ಣು. ವೂಸ್ಟರ್ ಊರಿನ ಲೀ ಅಂಡ್ ಪೆರಿನ್ಸ್ ಸಾಸ್ 1837ರಿಂದ ಮಾರಾಟದಲ್ಲಿದೆ, ಅದರಲ್ಲೂ ಹುಣಸೆ ಇದೆ. ಆದರೆ ಅದಕ್ಕೆ ಮೀನು ಹಾಕುತ್ತಾರೆ, ಹೆಂಡರ್‌ಸನ್ಸ್‌ಗೆ ಹಾಕುವುದಿಲ್ಲ. ಅಮ್ಮನಿಗೆ ಫೋನಿನಲ್ಲಿ ಹೇಳಿದಾಗ, 'ಹುಣಸೆಹುಳಿ ಇಲ್ಲದೆ ಮಾಂಸದ ಅಡುಗೆ ಆಗ್ತದಾ ಮಗಾ' ಅಂದರು, ಅದರಲ್ಲಿ ವಿಶೇಷ ಏನೂ ಇಲ್ಲ ಅನ್ನುವ ಹಾಗೆ. ಅಮ್ಮನ ಮಾತು ಸರಿ. ಗಟ್ಟಿ, ಜಿಡ್ಡಿನ ಸಾರಿಗೆ ಹುಳಿ ಬೇಕೇ ಬೇಕು. ಸೂರ್ಯ ಸರಿಯಾಗಿ ಕಾಣದ ಈ ಊರಿನವರಿಗೂ ಅದು ಗೊತ್ತಿತ್ತು. ಹಡಗಿನಲ್ಲಿ ಬಂದ ಹುಣಸೆಯನ್ನು ಬಾಟಲಿಯಲ್ಲಿ ತುಂಬಿಟ್ಟುಕೊಂಡರು.

ಮಾಂಸ ಮತ್ತೆ ಪಾತ್ರೆಗೆ, ಸ್ಟಾಕ್ ಮುಳುಗುವಷ್ಟು, ಮುಚ್ಚಳ ಹಾಕಿ 150 ಡಿಗ್ರಿ ಓವನ್ನಿಗೆ. ಕುದಿ ಕೊತಕೊತ ಅನ್ನಬಾರದು. ಅಲ್ಲೊಂದು ಇಲ್ಲೊಂದು ಗುಳ್ಳೆ ಎದ್ದರೆ ಸಾಕು. ಜೋರು ಕುದಿಗೆ ಮಾಂಸದ ಎಳೆ ಬಿಗಿದು ರಸ ಹಿಂಡಿಹೋಗುತ್ತದೆ. ಒಂದು ಗಂಟೆಗೆ ತೆಗೆದು ಒಂದು ಚೂರು ತಿಂದು ನೋಡಿದರೆ ರಬ್ಬರ್ ಥರ ಇರುತ್ತದೆ, ಹಾಕಿದಾಗ ಇದ್ದದ್ದಕ್ಕಿಂತ ಗಟ್ಟಿ. ಎಷ್ಟೋ ಜನ ಇಲ್ಲಿಗೇ ಕೈಬಿಡುತ್ತಾರೆ, ಮಾಂಸ ಸರಿ ಇಲ್ಲ ಅಂದುಕೊಳ್ಳುತ್ತಾರೆ. ಎಳೆಗಳು ಮೊದಲು ಬಿಗಿಯುತ್ತವೆ, ಕೊಲಾಜೆನ್ ಆಮೇಲೆ ಕರಗುತ್ತದೆ. ಎರಡು ಗಂಟೆ ದಾಟಿದ ಮೇಲೆ ಎಲ್ಲ ಬದಲಾಗುತ್ತದೆ.

ಇಷ್ಟು ಹೊತ್ತು ಬೇಯಿಸುವ ರೂಢಿ ಬಂದದ್ದು ಹೇಗೆ ಅಂತ ಪಕ್ಕದ ಮನೆಯ ಅಜ್ಜಿಯಿಂದ ತಿಳಿಯಿತು. ಅವರು ಯುದ್ಧದ ಕಾಲದಲ್ಲಿ ಹುಟ್ಟಿದವರು. ಅಪ್ಪ ಉಕ್ಕಿನ ಕಾರ್ಖಾನೆಯಲ್ಲಿ ಪಾಳಿ ಕೆಲಸ. ಮನೆಯಲ್ಲಿ ಕಲ್ಲಿದ್ದಲಿನ ಒಲೆ, ಅದರ ಪಕ್ಕಕ್ಕೇ ಕಬ್ಬಿಣದ ಓವನ್. ಮನೆ ಬೆಚ್ಚಗಿರಲು, ಸ್ನಾನಕ್ಕೆ ನೀರು ಕಾಯಲು ಬೆಂಕಿ ಹೇಗೂ ದಿನವಿಡೀ ಉರಿಯುತ್ತಿತ್ತು. ಪಾತ್ರೆಯನ್ನು ಅದರಲ್ಲಿ ತಳ್ಳಿಟ್ಟರೆ ಬೇರೆ ಖರ್ಚೇ ಇಲ್ಲ. ಅಪ್ಪ ಎರಡಕ್ಕೆ ಬಂದರೂ ಸರಿ, ಹತ್ತಕ್ಕೆ ಬಂದರೂ ಸರಿ, ಬಿಸಿ ಊಟ ಸಿದ್ಧ. ಈಗ ಮೂರು ಗಂಟೆ ಓವನ್ ಉರಿಸಿದರೆ ಕರೆಂಟ್ ಬಿಲ್ ನೆನಪಾಗುತ್ತದೆ. 2022ರಲ್ಲಿ ಇಲ್ಲಿ ಗ್ಯಾಸ್, ಕರೆಂಟ್ ದರ ಮುಗಿಲಿಗೇರಿದಾಗ ನನ್ನ ಪರಿಚಯದವರು ಒಬ್ಬೊಬ್ಬರಾಗಿ ಸ್ಲೋ ಕುಕ್ಕರ್ ತಂದುಕೊಂಡರು. ಅದೂ ಒಳ್ಳೆಯದೇ. ಬೆಳಿಗ್ಗೆ ಹಾಕಿ ಕೆಲಸಕ್ಕೆ ಹೋದರೆ ಸಂಜೆಗೆ ಆಗಿರುತ್ತದೆ. ನಮ್ಮ ಪ್ರೆಷರ್ ಕುಕ್ಕರೂ ಆಗುತ್ತದೆ, ಸೀಟಿ ಬಂದ ಮೇಲೆ ಸಣ್ಣ ಉರಿಯಲ್ಲಿ ಮುಕ್ಕಾಲು ಗಂಟೆ. ಮಾಂಸ ಚೆನ್ನಾಗಿಯೇ ಬೇಯುತ್ತದೆ, ರಸ ಮಾತ್ರ ಓವನ್ನಿನಲ್ಲಿ ಬತ್ತಿದಷ್ಟು ಬತ್ತಿರುವುದಿಲ್ಲ.

ಇನ್ನು ಡಂಪ್ಲಿಂಗ್. ಈ ಅಡುಗೆಯ ಯಜಮಾನ ಇದೇ ಅಂತ ನಾನು ನಂಬಿದ್ದೇನೆ, ಮಾಂಸ ಅಲ್ಲ. ಬ್ರಿಟನ್ನಿನಲ್ಲಿ ಮಾಂಸಕ್ಕೆ ರೇಷನ್ ಶುರುವಾದದ್ದು 1940ರ ಮಾರ್ಚಿನಲ್ಲಿ, ಮುಗಿದದ್ದು 1954ರ ಜುಲೈನಲ್ಲಿ. ಯುದ್ಧ ಮುಗಿದು ಒಂಬತ್ತು ವರ್ಷ ಆದಮೇಲೂ ಅಳೆದು ಕೊಡುತ್ತಿದ್ದರು. ಅಜ್ಜಿಯ ಬಾಲ್ಯ ಇಡೀ ಅದರೊಳಗೇ ಕಳೆಯಿತು. ಅವರ ಅಮ್ಮ ಮೊದಲು ಡಂಪ್ಲಿಂಗ್ ಮತ್ತು ಸಾರು ಬಡಿಸುತ್ತಿದ್ದರಂತೆ. ಅದು ಮುಗಿಸಿದವರಿಗೆ ಆಮೇಲೆ ಮಾಂಸ. ಆಗ ಹೊಟ್ಟೆ ತುಂಬಿರುತ್ತದೆ, ಇರುವ ಚೂರು ಎಲ್ಲರಿಗೂ ಸಾಲುತ್ತದೆ. 'ನಮಗೆ ಕಡಿಮೆ ಇದೆ ಅಂತ ಅಮ್ಮ ನಮಗೆ ಗೊತ್ತಾಗಲು ಬಿಡಲಿಲ್ಲ, ಲವ್' ಅಂತ ಅಜ್ಜಿ ಹೇಳಿದರು. ಇಷ್ಟನ್ನು ಕೇಳಿದ ಮೇಲೆ ಯಾರಾದರೂ ಡಂಪ್ಲಿಂಗನ್ನು 'ಬರೀ ಮೈದಾ ಉಂಡೆ' ಅಂದರೆ ನನಗೆ ಬೇಜಾರಾಗುತ್ತದೆ.

ಅದಕ್ಕೆ ಬೇಕಾದದ್ದು ಹಿಟ್ಟು, ಸೂಯೆಟ್, ಉಪ್ಪು, ತಣ್ಣೀರು. ಸೂಯೆಟ್ ಅಂದರೆ ದನದ ಅಥವಾ ಕುರಿಯ ಕಿಡ್ನಿಯ ಸುತ್ತ ಇರುವ ಗಟ್ಟಿ ನೆಣ. ಹಿಂದೆ ಅದನ್ನು ಗಟ್ಟಿಯಾಗಿ ತಂದು, ಪೊರೆ ಬಿಡಿಸಿ, ಕೈಯೆಲ್ಲ ಜಿಡ್ಡು ಮಾಡಿಕೊಂಡು ಹೆಚ್ಚಬೇಕಿತ್ತು. ಮ್ಯಾಂಚೆಸ್ಟರಿನಲ್ಲಿ ನೆಲೆಸಿದ್ದ ಗೇಬ್ರಿಯಲ್ ಹ್ಯೂಗನ್ ಅನ್ನುವ ಫ್ರೆಂಚ್ ಮನುಷ್ಯ 1893ರಲ್ಲಿ ಅದನ್ನು ತುರಿದು ಪೊಟ್ಟಣ ಕಟ್ಟಿ ಮಾರಲು ಶುರು ಮಾಡಿದ. ಹೆಸರು ಅಟೋರಾ. ತುರಿ ಒಂದಕ್ಕೊಂದು ಅಂಟದಿರಲಿ ಅಂತ ಅದಕ್ಕೆ ಸ್ವಲ್ಪ ಹಿಟ್ಟು ಸವರಿರುತ್ತಾರೆ. ಇವತ್ತಿಗೂ ಅಂಗಡಿಯಲ್ಲಿ ಅದೇ ಹೆಸರಿನ ಪೊಟ್ಟಣ ಸಿಗುತ್ತದೆ. ಹಿಟ್ಟು 'ಸೆಲ್ಫ್ ರೈಸಿಂಗ್', ಉಬ್ಬುವ ಪುಡಿ ಮೊದಲೇ ಬೆರೆಸಿದ್ದು. ಬ್ರಿಸ್ಟಲಿನ ಬೇಕರಿಯವ ಹೆನ್ರಿ ಜೋನ್ಸ್ 1845ರಲ್ಲಿ ಇದಕ್ಕೆ ಪೇಟೆಂಟ್ ಪಡೆದ.

ಲೆಕ್ಕ ಸುಲಭ. ಹಿಟ್ಟಿನ ಅರ್ಧದಷ್ಟು ಸೂಯೆಟ್. 100 ಗ್ರಾಂ ಹಿಟ್ಟಿಗೆ 50 ಗ್ರಾಂ ಸೂಯೆಟ್, ಚಿಟಿಕೆ ಉಪ್ಪು, ಬೇಕಿದ್ದರೆ ಹೆಚ್ಚಿದ ಪಾರ್ಸ್ಲಿ. ನಾಲ್ಕೈದು ದೊಡ್ಡ ಚಮಚ ತಣ್ಣೀರನ್ನು ಸ್ವಲ್ಪಸ್ವಲ್ಪವೇ ಹಾಕಿ ಕಲಸಬೇಕು. ಅಜ್ಜಿ ಕಲಸುವುದು ಊಟದ ಚಾಕುವಿನಿಂದ. ಕೈ ಬಿಸಿ ಇರುತ್ತದೆ, ನೆಣ ಕರಗುತ್ತದೆ ಅಂತ. ಹಿಟ್ಟು ಒಟ್ಟುಗೂಡಿ, ಇನ್ನೂ ಸ್ವಲ್ಪ ಅಂಟಂಟಾಗಿ, ಅಲ್ಲಲ್ಲಿ ಬಿಳಿ ಚುಕ್ಕೆ ಕಾಣುತ್ತಿರುವಾಗಲೇ ನಿಲ್ಲಿಸಬೇಕು. ಚಪಾತಿ ಹಿಟ್ಟನ್ನು ನಾದಿ ನಾದಿ ಅಭ್ಯಾಸವಾದ ನಮ್ಮ ಕೈಗೆ ಇದು ಕಷ್ಟ. ನಾದಿದರೆ ಕಲ್ಲಾಗುತ್ತದೆ. ಅಂಗೈಗೆ ಹಿಟ್ಟು ಸವರಿಕೊಂಡು, ಒತ್ತದೆ, ಎಂಟು ಉಂಡೆ ಕಟ್ಟಿ. ಬೆಂದಾಗ ಹೆಚ್ಚುಕಡಿಮೆ ಎರಡರಷ್ಟಾಗುತ್ತವೆ. ನಡುವೆ ಜಾಗ ಬಿಟ್ಟು ಸ್ಟ್ಯೂ ಮೇಲೆ ಕೂರಿಸಿ.

ಬೆಣ್ಣೆ ಹಾಕಿದರೆ ಆಗುವುದಿಲ್ಲವಾ ಅಂತ ಕೇಳಬಹುದು. ಆಗುತ್ತದೆ, ಆದರೆ ಹೀಗೆ ಬರುವುದಿಲ್ಲ. ಬೆಣ್ಣೆ ಬೇಗ ಕರಗಿ ಹಿಟ್ಟಿನೊಳಗೆ ಇಂಗುತ್ತದೆ. ಸೂಯೆಟ್ ಕರಗಲು ಜಾಸ್ತಿ ಬಿಸಿ ಬೇಕು. ಅಷ್ಟರಲ್ಲಿ ಸುತ್ತಲಿನ ಹಿಟ್ಟು ಬೆಂದು ನಿಲ್ಲಲು ಶುರುವಾಗಿರುತ್ತದೆ. ಆಮೇಲೆ ನೆಣ ಕರಗಿದ ಜಾಗದಲ್ಲಿ ಸಣ್ಣ ಸಣ್ಣ ಖಾಲಿ ಗೂಡು ಉಳಿಯುತ್ತದೆ. ಮುರಿದು ನೋಡಿದರೆ ಒಳಗೆ ಹಗುರ, ಪದರ ಪದರ. ತಳ ಸಾರು ಕುಡಿದು ಕಂದಾಗಿರುತ್ತದೆ, ಮೇಲ್ಭಾಗ ಬೆಳ್ಳಗೆ.

ಮುಚ್ಚಳದ ವಿಷಯದಲ್ಲಿ ಇಲ್ಲಿ ಮನೆಮನೆಗೂ ಜಗಳ. ಮುಚ್ಚಿಯೇ ಇಪ್ಪತ್ತು ನಿಮಿಷ ಬೇಯಿಸಿ ಮೆತ್ತಗೆ ತಿನ್ನುವವರು ಒಂದು ಕಡೆ, ಮುಚ್ಚಳ ತೆಗೆದು ಮೇಲೆ ಗರಿ ಮಾಡುವವರು ಇನ್ನೊಂದು ಕಡೆ. ಅಜ್ಜಿ ಮುಚ್ಚುವ ಪಕ್ಷ. ನಾನು ಮೊದಲ ಇಪ್ಪತ್ತು ನಿಮಿಷ ಮುಚ್ಚಿಟ್ಟು, ಓವನ್ ಬಿಸಿ 200ಕ್ಕೆ ಏರಿಸಿ, ಕೊನೆಯ ಹತ್ತು ನಿಮಿಷ ತೆರೆದಿಡುತ್ತೇನೆ. ಮೇಲೆ ಹೊಂಬಣ್ಣ ಬರುತ್ತದೆ, ಚಮಚ ಇಳಿಸಿದಾಗ ಮೊದಲು ಸಣ್ಣಗೆ ಮುರಿಯುವ ಸದ್ದು. ಇದರಲ್ಲಿ ನಾನು ಅಜ್ಜಿಯ ಮಾತು ಕೇಳುವುದಿಲ್ಲ, ಅವರಿಗೂ ಅದು ಗೊತ್ತು. ಆದರೆ ಆ ಮೊದಲ ಇಪ್ಪತ್ತು ನಿಮಿಷ ಮಾತ್ರ ಯಾರೂ ಇಣುಕಬಾರದು. ಹಬೆ ಹೋದರೆ ಉಬ್ಬುವುದು ನಿಲ್ಲುತ್ತದೆ.

ಪೂರ್ವದ ನಾರ್ಫಕ್ ಕಡೆಯವರದ್ದು ಬೇರೆಯೇ ದಾರಿ. ಅವರು ಸೂಯೆಟ್ ಹಾಕುವುದೇ ಇಲ್ಲ, ಈಸ್ಟ್ ಹಾಕಿದ ಬ್ರೆಡ್ ಹಿಟ್ಟನ್ನೇ ಉಂಡೆ ಮಾಡಿ ಬೇಯಿಸುತ್ತಾರೆ. ತಮ್ಮದಕ್ಕೆ 'ತೇಲುವವು' ಅಂತಲೂ ಉಳಿದವರದ್ದಕ್ಕೆ 'ಮುಳುಗುವವು' ಅಂತಲೂ ಹೆಸರಿಟ್ಟಿದ್ದಾರೆ. ನಾನು ತಿಂದಿದ್ದೇನೆ, ಚೆನ್ನಾಗಿದೆ. ಆದರೂ ನನ್ನ ಓಟು ಸೂಯೆಟ್‌ಗೆ.

ಮಾಂಸ ತಿನ್ನದವರಿಗೆ ಹೇಳುತ್ತೇನೆ ಅಂದಿದ್ದೆ. ತಾಳೆ ಎಣ್ಣೆಯಿಂದ ಮಾಡಿದ ವೆಜಿಟೇಬಲ್ ಸೂಯೆಟ್ ಇಲ್ಲಿ ಎಲ್ಲ ಕಡೆ ಸಿಗುತ್ತದೆ. ಕ್ಯಾರೆಟ್, ಸ್ವೀಡ್, ಲೀಕ್, ಬಾರ್ಲಿ, ಒಂದು ಡಬ್ಬಿ ಬೀನ್ಸ್ ಕಾಳು, ಚೆನ್ನಾಗಿ ಕೆಂಪಗೆ ಹುರಿದ ಅಣಬೆ, ಧಾರಾಳವಾಗಿ ಹೆಂಡರ್‌ಸನ್ಸ್. ಇದು ಒಂದು ಗಂಟೆಯೊಳಗೆ ಆಗುತ್ತದೆ, ಡಂಪ್ಲಿಂಗ್ ಅದೇ ರೀತಿ ಉಬ್ಬುತ್ತದೆ. ಮಂಗಳೂರಿನಲ್ಲೋ ಬೆಂಗಳೂರಿನಲ್ಲೋ ಇದ್ದು ಮಾಡುವವರು 100 ಗ್ರಾಂ ಮೈದಾಕ್ಕೆ ಒಂದು ಟೀ ಚಮಚ ಬೇಕಿಂಗ್ ಪೌಡರ್ ಬೆರೆಸಿಕೊಂಡರೆ ಸೆಲ್ಫ್ ರೈಸಿಂಗ್ ಹಿಟ್ಟು ಆಯ್ತು. ಮಟನ್ ಅಂಗಡಿಯಲ್ಲಿ ಕಿಡ್ನಿ ಸುತ್ತಲಿನ ಕೊಬ್ಬು ಕೇಳಿ ತಂದು, ಫ್ರೀಜರಿನಲ್ಲಿ ಗಟ್ಟಿ ಮಾಡಿ, ಕಾಯಿ ತುರಿದ ಹಾಗೆ ತುರಿದುಕೊಳ್ಳಿ. ಕುಕ್ಕರಿನಲ್ಲಿ ಮಾಂಸ ಬೇಯಿಸಿದ್ದರೆ ಡಂಪ್ಲಿಂಗ್ ಹಾಕಿದ ಮೇಲೆ ಪ್ರೆಷರ್ ಕೂರಿಸಬೇಡಿ, ಮೇಲೆ ಸುಮ್ನೆ ಒಂದು ತಟ್ಟೆ ಮುಚ್ಚಿ ಸಣ್ಣ ಉರಿಯಲ್ಲಿ ಬೇಯಿಸಿ.

ಸ್ಟ್ಯೂ ಮರುದಿನಕ್ಕೆ ಇನ್ನೂ ರುಚಿ. ರಾತ್ರಿ ಫ್ರಿಜ್ಜಿನಲ್ಲಿಟ್ಟರೆ ಜೆಲಾಟಿನ್ ಗಟ್ಟಿಯಾಗಿ ಚಾಕುವಿನಿಂದ ಕೊಯ್ಯುವಂತಾಗುತ್ತದೆ, ಮೇಲಿನ ಜಿಡ್ಡು ಪದರವಾಗಿ ನಿಲ್ಲುತ್ತದೆ, ಬೇಡದವರು ಸುಲಭವಾಗಿ ತೆಗೆಯಬಹುದು. ಡಂಪ್ಲಿಂಗ್ ಮಾತ್ರ ಮರುದಿನಕ್ಕೆ ಭಾರ. ಅದಕ್ಕೇ ನಾನು ಮಾಂಸ ಶನಿವಾರವೇ ಬೇಯಿಸಿಡುತ್ತೇನೆ. ಭಾನುವಾರ ಬಿಸಿ ಮಾಡಿ, ಕುದಿ ಬಂದ ಮೇಲೆ ಹಿಟ್ಟು ಕಲಸಲು ಶುರು ಮಾಡುತ್ತೇನೆ. ಉಳಿದರೆ ಸೋಮವಾರ ಹೊಸದಾಗಿ ನಾಲ್ಕು ಉಂಡೆ. ಅರ್ಧ ಗಂಟೆಯ ಕೆಲಸ ಅಷ್ಟೇ.